ನಷ್ಟದಲ್ಲಿ ಪಾಲು ಯಾರದು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹೊಲವಿಲ್ಲದವನು ಹೊಲವಿದ್ದವನ ಭೂಮಿಯನ್ನು ಮಾಡುವುದಕ್ಕೆ ಎರಡು ದಾರಿಗಳಿವೆ. ಒಂದು ಲಾವಣಿ, ಇನ್ನೊಂದು ಕೋರು. ಲಾವಣಿಯಲ್ಲಿ ವರ್ಷಕ್ಕೆ ಇಷ್ಟು ಹಣವೆಂದು ಮೊದಲೇ ಮಾತಾಗಿರುತ್ತದೆ. ಮಳೆ ಬರಲಿ ಬಿಡಲಿ, ಗೋವಿನಜೋಳ ತೆನೆ ಕಟ್ಟಲಿ ಒಣಗಿ ಹೋಗಲಿ, ಒಡೆಯನ ಹಣ ಒಡೆಯನಿಗೆ ಸಲ್ಲಬೇಕು. ಕೋರಿನಲ್ಲಿ ಹಾಗಿಲ್ಲ. ಬಂದ ಬೆಳೆಯಲ್ಲಿ ಇಬ್ಬರಿಗೂ ಪಾಲು. ಬೆಳೆ ಬಾರದಿದ್ದರೆ ಮಾಡಿದವನ ಮನೆಯಂತೆ ಒಡೆಯನ ಮನೆಗೂ ಕಾಳು ಬರುವುದಿಲ್ಲ.

ಕೋರನ್ನು ನಾವು ಹೊಗಳಲು ಹೊರಟಿಲ್ಲ. ಅದರಲ್ಲಿಯೂ ಒಡೆಯನ ದರ್ಪವಿತ್ತು, ಅಳತೆಯಲ್ಲಿ ಮೋಸವಿತ್ತು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಕಾನೂನಿನ ಪ್ರಕಾರ ಗೇಣಿಯೇ ಇರಬಾರದು. ಆದರೂ ಎರಡೂ ಪದ್ಧತಿಗಳು ಬಾಯಿಮಾತಿನ ಮೇಲೆ ಉಳಿದುಕೊಂಡಿವೆ. ನಾವು ಅವುಗಳನ್ನು ಇಲ್ಲಿ ನೆನೆಯುವುದಕ್ಕೆ ಬೇರೆ ಕಾರಣವಿದೆ. ವ್ಯಾಪಾರದ ಮೂಲಕ ಸಮಾಜಸೇವೆ ಮಾಡುತ್ತೇವೆ ಎನ್ನುವ ಸಂಸ್ಥೆಗಳು ಇಂದು ನಮ್ಮ ಊರುಗಳಿಗೆ ಬಂದಿವೆ. ಅವುಗಳನ್ನು ಸಾಮಾಜಿಕ ಉದ್ಯಮಗಳು ಎನ್ನುತ್ತಾರೆ. ಇವು ಬಡವರೊಡನೆ ಮಾಡಿಕೊಳ್ಳುವ ಒಪ್ಪಂದ ಲಾವಣಿಯದೋ ಕೋರಿನದೋ ಎಂಬುದು ನಮ್ಮ ಪ್ರಶ್ನೆ.

ಮೊದಲು ಅವುಗಳ ಪರವಾದ ಮಾತನ್ನು ಕೇಳೋಣ. ಅದರಲ್ಲಿ ತೂಕವಿದೆ. ದಾನದಿಂದ ಬಡತನ ಹೋಗುವುದಿಲ್ಲ. ದಾನಿಯ ಮನಸ್ಸು ಬದಲಾದ ದಿನ ದಾನ ನಿಲ್ಲುತ್ತದೆ. ದಾನ ಪಡೆದವನು ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳಬೇಕು. ಕೆಟ್ಟಿದ್ದರೂ ಕೆಟ್ಟಿದೆ ಎನ್ನುವಂತಿಲ್ಲ. ಸಂತೆಯಲ್ಲಿ ಹತ್ತು ರೂಪಾಯಿಯ ಬದನೆಕಾಯಿ ಕೊಳ್ಳುವ ಹೆಂಗಸಿಗೆ ಇರುವ ಅಧಿಕಾರ ದಾನ ಪಡೆಯುವವಳಿಗಿಲ್ಲ. ಆಕೆ ಹುಳುಕನ್ನು ಆರಿಸಿ ಬದಿಗಿಡಬಹುದು, ಬೆಲೆ ಹೆಚ್ಚಾಯಿತೆಂದು ಮುಂದಿನ ಅಂಗಡಿಗೆ ಹೋಗಬಹುದು. ಕೊಳ್ಳುವವಳಿಗೆ ‘ಬೇಡ’ ಎನ್ನುವ ಹಕ್ಕಿದೆ. ಮನುಷ್ಯನ ಮರ್ಯಾದೆಯ ದೊಡ್ಡ ಭಾಗ ಈ ಹಕ್ಕಿನಲ್ಲಿದೆ. ದುಡಿಮೆಗೆ ಕಾಯಕವೆಂಬ ಗೌರವ ಕೊಟ್ಟ ಈ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಉದಾಹರಣೆ ಸೆಲ್ಕೋ. ಹರೀಶ್ ಹಂದೆಯವರು ಕಟ್ಟಿ ಬೆಳೆಸಿದ ಈ ಸಂಸ್ಥೆ 1995ರಲ್ಲಿ ಪ್ರಾರಂಭವಾಯಿತು. ಬಡವರು ಸೌರದೀಪವನ್ನು ಕೊಳ್ಳಲಾರರು, ಕೊಂಡರೂ ನಿರ್ವಹಿಸಲಾರರು, ಇಂಥ ಕೆಲಸ ಮಾಡುವ ಸಂಸ್ಥೆ ವ್ಯಾಪಾರವಾಗಿ ನಿಲ್ಲಲಾರದು ಎಂಬ ಮೂರು ನಂಬಿಕೆಗಳನ್ನು ಸುಳ್ಳು ಮಾಡುವುದೇ ಅದರ ಉದ್ದೇಶವಾಗಿತ್ತು. ಹಂದೆಯವರು ಆಗಾಗ ಹೇಳುವ ಒಂದು ಅನುಭವವಿದೆ. ಬೀದಿ ವ್ಯಾಪಾರ ಮಾಡುವವರಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಭಾರ, ದಿನಕ್ಕೆ 10 ರೂಪಾಯಿ ಕಟ್ಟುವುದು ಹಗುರ. ಲೆಕ್ಕ ಒಂದೇ, ಆದರೆ ದಿನದ ಗಳಿಕೆಯಲ್ಲಿ ಬದುಕುವವರ ಕೈಗೆ ತಿಂಗಳ ಹಣ ಒಟ್ಟಿಗೆ ಬರುವುದಿಲ್ಲ. ಸೆಲ್ಕೋ ಗ್ರಾಮೀಣ ಬ್ಯಾಂಕುಗಳ ಮನವೊಲಿಸಿ ಗಿರಾಕಿಯ ಗಳಿಕೆಗೆ ಹೊಂದುವ ಕಂತನ್ನು ಮಾಡಿಸಿತು, ದೀಪ ಕೆಟ್ಟರೆ ಮನೆಗೇ ಬಂದು ಸರಿಪಡಿಸುವ ವ್ಯವಸ್ಥೆ ಮಾಡಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಲ್ಲಿ ವ್ಯಾಪಾರ ಎಂದರೆ ಬಡವರ ಮಾತನ್ನು ಕಿವಿಗೊಟ್ಟು ಕೇಳುವ ಕ್ರಮ. ಹೀಗೆ ಕೇಳುವ ವ್ಯಾಪಾರವನ್ನು ನಾವು ಯಾಕೆ ಬೇಡವೆನ್ನಬೇಕು?

ಹುಬ್ಬಳ್ಳಿಯಲ್ಲಿ ನೆಲೆಯೂರಿದ ದೇಶಪಾಂಡೆ ಫೌಂಡೇಶನ್ ಕೂಡ ಇದೇ ನಂಬಿಕೆಯಿಂದ ಹುಟ್ಟಿದ್ದು. ಉದ್ಯಮಿ ಗುರುರಾಜ ದೇಶಪಾಂಡೆಯವರು ಹೊರದೇಶದಲ್ಲಿ ಗಳಿಸಿದ ಹಣವನ್ನು, ಅದಕ್ಕಿಂತ ಹೆಚ್ಚಾಗಿ ಉದ್ಯಮ ಕಟ್ಟುವ ರೀತಿಯನ್ನು, ಧಾರವಾಡ, ಹಾವೇರಿ, ಗದಗ ಮೊದಲಾದ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಇಟ್ಟರು. ಕೃಷಿಹೊಂಡ, ಯುವಕರಿಗೆ ಕೌಶಲ ತರಬೇತಿ ಇವೆಲ್ಲ ಆ ಪ್ರಯೋಗದ ಭಾಗಗಳು.

ಆದರೆ ಇದು ಹೊರಗಿನಿಂದ ಬಂದ ಹೊಸ ವಿದ್ಯೆ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಇಂದಿನ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯವೇ. ಆ ಹಳೆಯ ಜಿಲ್ಲೆಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. 1904ರ ಸಹಕಾರಿ ಕಾಯಿದೆಯ ಬೆನ್ನಿಗೇ ಹುಟ್ಟಿದ, ದೇಶದಲ್ಲಿಯೇ ಮೊದಲನೆಯದು ಎಂದು ಎಣಿಸಲಾಗುವ ಸಂಘ ಅದು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಗುರಿ. ಸಾಲ ಕೊಟ್ಟು ಬಡ್ಡಿ ತೆಗೆದುಕೊಂಡು ಲೆಕ್ಕ ಬರೆದಿಡುವುದು ಅದರ ಮಾರ್ಗ. ಸಮಾಜದ ಬದಲಾವಣೆಗೆ ವ್ಯಾಪಾರದ ವಿಧಾನ ಎಂದರೆ ಇದಲ್ಲದೆ ಮತ್ತೇನು?

ಆ ಕಾಲದ ಹಳ್ಳಿಯ ಸಹಕಾರಿ ಸಂಘಗಳ ಒಂದು ನಿಯಮವನ್ನು ಇಲ್ಲಿ ಗಮನಿಸಬೇಕು. ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯ ಮಟ್ಟಿಗೆ ಉತ್ತರ ಕೊಡಬೇಕಿತ್ತು. ಕೇಳಿದರೆ ಭಯವಾಗುವ ಕರಾರು ಇದು. ಆದರೆ ಹೊಣೆ ಹೊತ್ತ ಆ ಸದಸ್ಯನೇ ಸಂಘದ ಒಡೆಯ. ಯಾರಿಗೆ ಸಾಲ, ಎಷ್ಟು ಸಾಲ, ಮಳೆ ಕೈಕೊಟ್ಟ ವರ್ಷ ಯಾರಿಗೆ ಗಡುವು ಮುಂದೂಡಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಅವನು ಕೂರುತ್ತಿದ್ದ. ಹೊಣೆ ಮತ್ತು ಒಡೆತನ ಒಂದೇ ಹೆಗಲ ಮೇಲಿದ್ದವು.

ಸಹಕಾರಿ ಸಂಘಗಳ ಮುಂದಿನ ಕಥೆ ಓದುಗರಿಗೆ ಗೊತ್ತಿದೆ. ಎಷ್ಟೋ ಕಡೆ ಅವು ಊರಿನ ಪ್ರಬಲರ ಸ್ವತ್ತಾದವು, ರಾಜಕೀಯದ ಮೊದಲ ಮೆಟ್ಟಿಲಾದವು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಪತ್ತಿನ ಸಂಘದ ಸಾಲಕ್ಕೆ ಹೊಲದ ಉತಾರ ಬೇಕು. ಹೊಲವೇ ಇಲ್ಲದ ದಲಿತರು, ತಾಂಡಾದ ಲಂಬಾಣಿಗರು, ಪೇಟೆಯ ಹಿಂಬದಿಯ ಓಣಿಗಳಲ್ಲಿ ಹಮಾಲಿ, ಗ್ಯಾರೇಜು, ಬೀದಿ ವ್ಯಾಪಾರ ಮಾಡಿಕೊಂಡಿರುವ ಮುಸ್ಲಿಮರು ಆ ಬಾಗಿಲಿನ ಹೊರಗೇ ಉಳಿದರು. ಬ್ಯಾಂಕಿನ ಸಾಲದಲ್ಲಿ ಮುಸ್ಲಿಮರಿಗೆ ದೊರೆಯುವ ಪಾಲು ಅವರ ಸಂಖ್ಯೆಗೆ ತಕ್ಕಂತಿಲ್ಲವೆಂದು 2006ರ ಸಾಚಾರ್ ಸಮಿತಿಯ ವರದಿ ಅಂಕಿಅಂಶಗಳೊಡನೆ ತೋರಿಸಿತು. ಈ ಮನೆಗಳ ಹೆಂಗಸರಿಗೆ ಆಧಾರವಿಲ್ಲದೆ, ಜಾಮೀನಿಲ್ಲದೆ ಸಾಲ ಕೊಡುತ್ತೇವೆಂದು ಮೊದಲು ಬಾಗಿಲಿಗೆ ಬಂದವರು ಮೈಕ್ರೋಫೈನಾನ್ಸ್‌ನವರು. ಬ್ಯಾಂಕಿನ ಮ್ಯಾನೇಜರು ಕಾಲಿಡದ ಓಣಿಗೆ ಅವರು ಬಂದರು. ಈ ಮಾತನ್ನು ಒಪ್ಪಿಕೊಳ್ಳದೆ ಅವರನ್ನು ಟೀಕಿಸುವುದು ನ್ಯಾಯವಲ್ಲ.

ಈ ವಿಚಾರವನ್ನು ಜಗತ್ತಿಗೆ ಪರಿಚಯಿಸಿದವರು ಬಾಂಗ್ಲಾದೇಶದ ಮುಹಮ್ಮದ್ ಯೂನುಸ್. 1976ರಲ್ಲಿ ಜೋಬ್ರಾ ಎಂಬ ಹಳ್ಳಿಯಲ್ಲಿ ಸಣ್ಣ ಸಾಲಗಳಿಂದ ಅವರು ಆರಂಭಿಸಿದ ಕೆಲಸ 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಯಿತು. 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಬ್ಯಾಂಕಿನ ಷೇರುಗಳ ಬಹುಪಾಲು ಸಾಲ ಪಡೆದ ಬಡ ಮಹಿಳೆಯರದೇ ಆಗಿತ್ತು. ಆಡಳಿತ ಮಂಡಳಿಯಲ್ಲಿ ಅವರು ಆರಿಸಿದ ಪ್ರತಿನಿಧಿಗಳು ಕೂರುತ್ತಿದ್ದರು. ಆ ಮಾದರಿಯನ್ನು ನಮ್ಮ ದೇಶಕ್ಕೆ ತಂದ ಅನೇಕ ಕಂಪನಿಗಳು ಅದರ ಗುಂಪನ್ನು ತಂದವು, ವಾರದ ಕಂತನ್ನು ತಂದವು, ಹೆಂಗಸರ ಪರಸ್ಪರ ಹೊಣೆಯನ್ನು ತಂದವು. ಒಡೆತನವನ್ನು ಮಾತ್ರ ತರಲಿಲ್ಲ. ಹೊಣೆ ಹಳ್ಳಿಯಲ್ಲಿ ಉಳಿಯಿತು, ಒಡೆತನ ದೂರದ ನಗರದ ಹೂಡಿಕೆದಾರರಿಗೆ ಹೋಯಿತು. ಕಣಗಿನಹಾಳದಲ್ಲಿ ಒಂದೇ ಹೆಗಲ ಮೇಲಿದ್ದ ಎರಡು ವಸ್ತುಗಳು ಇಲ್ಲಿ ಬೇರೆಬೇರೆಯಾದವು. ನಮ್ಮ ದೃಷ್ಟಿಯಲ್ಲಿ ಕೇಡಿನ ಮೂಲ ಇದೇ.

ಈ ಬೇರ್ಪಡಿಕೆಯ ಫಲ ಬೇಗನೆ ಕಾಣಿಸಿತು. ಸ್ವಯಂಸೇವಾ ಸಂಸ್ಥೆಯಾಗಿ ಹುಟ್ಟಿ ಕಂಪನಿಯಾಗಿ ಬೆಳೆದ ಎಸ್‌ಕೆಎಸ್ ಮೈಕ್ರೋಫೈನಾನ್ಸ್ 2010ರ ಆಗಸ್ಟ್‌ನಲ್ಲಿ ಷೇರುಪೇಟೆ ಪ್ರವೇಶಿಸಿತು. ಅದರ ಷೇರಿಗೆ ಜನ ಮುಗಿಬಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ನಡುವೆ, ಆಂಧ್ರಪ್ರದೇಶ ಸರಕಾರ ಮೈಕ್ರೋಫೈನಾನ್ಸ್ ಕಂಪನಿಗಳನ್ನು ಬಿಗಿಯುವ ಸುಗ್ರೀವಾಜ್ಞೆ ತಂದಿತು. ಎರಡು ತಿಂಗಳ ಅಂತರದಲ್ಲಿ ಒಂದೇ ಉದ್ಯಮದ ಎರಡು ಮುಖಗಳನ್ನು ದೇಶ ನೋಡಿತು.

ನಮ್ಮ ರಾಜ್ಯದಲ್ಲಿ ಅದಕ್ಕಿಂತ ಮೊದಲೇ, 2009ರಲ್ಲಿ, ಕೋಲಾರದಲ್ಲಿ ಬಿರುಕು ಕಂಡಿತ್ತು. ರೇಷ್ಮೆಯ ಕೆಲಸ ಕುಸಿದು, ಒಂದೊಂದು ಮನೆಗೂ ಹಲವು ಕಂಪನಿಗಳ ಸಾಲ ಸೇರಿ, ಕಂತು ಕಟ್ಟಲಾಗದ ಸ್ಥಿತಿ ಬಂದಾಗ ಅಲ್ಲಿನ ಅಂಜುಮನ್ ಈ ಸಾಲಗಳನ್ನು ತೀರಿಸಬೇಡಿರೆಂದು ಮುಸ್ಲಿಮ್ ಮಹಿಳೆಯರಿಗೆ ಕರೆ ಕೊಟ್ಟಿತು. ಅಂಥ ಕರೆ ಬೇರೆ ಊರುಗಳಿಗೂ ಹಬ್ಬಿತು. ಈ ಘಟನೆಯನ್ನು ನಾವು ನಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆಯಾಗಿ ನೋಡಬೇಕು. ಹಿಂಸೆಯ ವಸೂಲಿಯನ್ನು ಎದುರಿಸುವುದು ಸರಿ. ಆದರೆ ಸಾಲ ಬೇಡವೆಂದು ಹೇಳುವ ಹಿರಿಯರು, ಮಗಳ ಆಸ್ಪತ್ರೆಯ ಖರ್ಚಿಗೆ, ಹೊಲಿಗೆ ಯಂತ್ರಕ್ಕೆ ಆಕೆ ಯಾರ ಬಾಗಿಲಿಗೆ ಹೋಗಬೇಕೆಂದೂ ಹೇಳಬೇಕಲ್ಲವೆ? ಬಡ್ಡಿ ನಿಷಿದ್ಧವೆಂದು ಬೋಧಿಸುವುದು ಸುಲಭ, ಬಡ್ಡಿಯಿಲ್ಲದ ಸಾಲದ ನಿಧಿಯನ್ನು ಕಟ್ಟಿ ಲೆಕ್ಕ ಇಟ್ಟು ನಡೆಸುವುದು ಕಷ್ಟ. ಹೆಂಗಸರು ಸಾಲ ತೆಗೆದುಕೊಂಡದ್ದನ್ನು ಚರ್ಚಿಸಿದ ಸಭೆಗಳಲ್ಲಿ ಹೆಂಗಸರೇ ಎಷ್ಟು ಮಂದಿ ಕುಳಿತಿದ್ದರು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಇನ್ನು ನಮ್ಮ ಹಾವೇರಿ ಜಿಲ್ಲೆಗೆ ಬರೋಣ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಮಳೆ ನಿಂತರೂ ವಾರದ ಕಂತು ನಿಲ್ಲುವುದಿಲ್ಲ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ, ಅದರ ಕಂತಿಗೆ ಕೈಗಡ ಎಂದು ಸಾಲ ಬೆಳೆಯುತ್ತ ಹೋಗುತ್ತದೆ. 2025ರ ಜನವರಿಯಲ್ಲಿ ರಾಜ್ಯದ ಅನೇಕ ಜಿಲ್ಲೆಗಳಿಂದ ವಸೂಲಿಯ ಕಿರುಕುಳದ, ಊರು ಬಿಟ್ಟು ಹೋದ ಕುಟುಂಬಗಳ, ಆತ್ಮಹತ್ಯೆಗಳ ಸುದ್ದಿ ಬಂದಾಗ ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಅಂಚೆಯ ಮೂಲಕ ಸರಕಾರಕ್ಕೆ ಕಳಿಸಿ ಪ್ರತಿಭಟಿಸಿದರು. ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಬಂತು. ಹತ್ತು ವರ್ಷಗಳವರೆಗಿನ ಶಿಕ್ಷೆ, ಐದು ಲಕ್ಷ ರೂಪಾಯಿವರೆಗಿನ ದಂಡ ಅದರಲ್ಲಿವೆ. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ನಂತರ ಅಂಕಿತ ಹಾಕಿದರು.

ಕಾನೂನು ಬೇಕು. ಆದರೆ ಬೈಗುಳದ ವಸೂಲಿದಾರನನ್ನು ಮಾತ್ರ ಅಪರಾಧಿಯೆಂದು ತೋರಿಸಿ ನಾವು ಸುಮ್ಮನಾಗಬಾರದು. ಅವನೂ ತಿಂಗಳ ಗುರಿ ಮುಟ್ಟದಿದ್ದರೆ ಕೆಲಸ ಕಳೆದುಕೊಳ್ಳುವ ಹಳ್ಳಿಯ ಹುಡುಗನೇ. ಕಿರುಕುಳ ಅವನ ಸ್ವಭಾವದಲ್ಲಿ ಮಾತ್ರ ಇಲ್ಲ, ಒಪ್ಪಂದದಲ್ಲಿಯೇ ಇದೆ. ಗುಂಪಿನ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹೀಗಾಗಿ ಕಂಪನಿಯವನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತಿರುತ್ತಾಳೆ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವ, ರಂಜಾನಿಗೆ ಸುರಕುಂಬಾ ಕೊಟ್ಟು ಕಳಿಸುವ ನೆರೆಹೊರೆಯೇ ವಸೂಲಿಯ ಸಾಧನವಾಗುತ್ತದೆ. ನೂರಕ್ಕೆ ತೊಂಬತ್ತೆಂಟರಷ್ಟು ಸಾಲ ಮರಳಿ ಬಂತೆಂದು ಕಂಪನಿಯ ವರದಿ ಹೆಮ್ಮೆಪಟ್ಟರೆ, ಆ ಹಣ ಹೊಲಿಗೆಯ ಗಳಿಕೆಯಿಂದ ಬಂತೋ, ಕಿವಿಯೋಲೆ ಅಡವಿಟ್ಟು ಬಂತೋ, ಹುಡುಗಿಯನ್ನು ಶಾಲೆ ಬಿಡಿಸಿ ಕೂಲಿಗೆ ಕಳಿಸಿದ್ದರಿಂದ ಬಂತೋ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ವ್ಯಾಪಾರದ ಲೆಕ್ಕಕ್ಕೆ ಎಲ್ಲ ರೂಪಾಯಿಯೂ ಒಂದೇ. ಸಮಾಜದ ಲೆಕ್ಕಕ್ಕೆ ಒಂದೇ ಅಲ್ಲ.

ಇದು ಸಾಲದ ಕಥೆ ಮಾತ್ರವಲ್ಲ. ಹಿರೇಕೆರೂರು, ರಾಣೆಬೆನ್ನೂರು ಭಾಗದಲ್ಲಿ ಬೀಜೋತ್ಪಾದನೆ ಬಹುಕಾಲದಿಂದ ನಡೆದಿದೆ. ಹೂವಿನಿಂದ ಹೂವಿಗೆ ಕೈಯಲ್ಲಿಯೇ ಪರಾಗ ಮುಟ್ಟಿಸುವ ನಾಜೂಕಿನ ಕೆಲಸ ಅದು, ಹೆಚ್ಚಾಗಿ ಹೆಂಗಸರದು. ಇಂಥ ಕರಾರುಗಳಲ್ಲಿ ಬೀಜ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಹಣ, ಇಲ್ಲವಾದರೆ ನಷ್ಟ ರೈತನದು ಎಂಬುದು ಸಾಮಾನ್ಯ ರೂಢಿ. ‘ಪಾಲುದಾರ ರೈತ’ ಎಂದು ಕರೆದರೂ ಕರಾರು ಲಾವಣಿಯದೇ.

ನಷ್ಟದ ಪ್ರಶ್ನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿಯೂ ಎದುರಾಯಿತು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜವನ್ನು ತಯಾರಿಸುತ್ತದೆ. ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಖಾದಿ ಎಂದರೆ ನೂಲುವವಳ ಅನ್ನವನ್ನು ಬಟ್ಟೆಯ ಬೆಲೆಯೊಳಗೆ ಸೇರಿಸುವ ವ್ಯಾಪಾರ. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು ಯಂತ್ರದ, ಪಾಲಿಸ್ಟರ್ ಬಟ್ಟೆಯ ಧ್ವಜಕ್ಕೂ ಅವಕಾಶ ಕೊಡಲಾಯಿತು. ಸಂಘದವರು 2022ರಲ್ಲಿ ಪ್ರತಿಭಟನೆಗೆ ಕುಳಿತರು. ಅಗ್ಗದ ಧ್ವಜ ಮನೆಮನೆಗೆ ತಲುಪಿತು, ನಿಜ. ಅದನ್ನು ಅಗ್ಗ ಮಾಡಿದ ವ್ಯತ್ಯಾಸವನ್ನು ಯಾರು ತೆತ್ತರು? ಬೆಲೆ ಕಡಿಮೆಯಾದಾಗಲೆಲ್ಲ ಈ ಪ್ರಶ್ನೆ ಕೇಳುವ ಅಭ್ಯಾಸ ನಮಗಿರಬೇಕು.

ಇಲ್ಲಿ ಉದ್ಯಮದವರು ಒಂದು ಆಕ್ಷೇಪ ಎತ್ತಬಹುದು. ‘ಬಡವರ ನಷ್ಟವನ್ನೆಲ್ಲ ನಾವೇ ಹೊತ್ತರೆ ಎರಡು ವರ್ಷದಲ್ಲಿ ಬಾಗಿಲು ಹಾಕುತ್ತೇವೆ. ಆಗ ಅವರು ಮತ್ತೆ ಸಾಹುಕಾರನ ಬಳಿಗೇ ಹೋಗಬೇಕಲ್ಲ?’ ಇದು ಕುಂಟುನೆಪವಲ್ಲ, ನಿಜವಾದ ಪ್ರಶ್ನೆ. ದಿವಾಳಿಯಾದ ದಯೆಯಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ನಷ್ಟವನ್ನು ಪೂರ್ತಿ ಹೊರುವುದಕ್ಕೂ ಪೂರ್ತಿ ಬಡವರ ಮೇಲೆ ಹೊರಿಸುವುದಕ್ಕೂ ನಡುವೆ ಸಾಕಷ್ಟು ಜಾಗವಿದೆ. ಒಳ್ಳೆಯ ವರ್ಷದ ಲಾಭದಲ್ಲಿ ಕೆಟ್ಟ ವರ್ಷಕ್ಕೆಂದು ಭಾಗ ತೆಗೆದಿಡಬಹುದು. ಕಂತನ್ನು ವಾರಕ್ಕೆ ಕಟ್ಟುವ ಬದಲು ಸುಗ್ಗಿಗೆ ಹೊಂದಿಸಬಹುದು. ಬರ ಘೋಷಣೆಯಾದ ತಾಲ್ಲೂಕಿನಲ್ಲಿ ಕಂತು ತಾನಾಗಿಯೇ ಮುಂದೆ ಹೋಗುವಂತೆ ಕರಾರಿನಲ್ಲಿಯೇ ಬರೆಯಬಹುದು. ಹೂಡಿಕೆದಾರನಿಗೆ ಮೊದಲೇ ಹೇಳಬಹುದು: ಇಲ್ಲಿ ಬೆಳವಣಿಗೆ ನಿಧಾನ, ಲಾಭಕ್ಕೆ ಮಿತಿಯಿದೆ, ಒಪ್ಪಿಗೆಯಿದ್ದರೆ ಬನ್ನಿ. ಈ ಮಾತಿಗೆ ಹೂಡಿಕೆದಾರ ಎದ್ದು ಹೋದರೆ, ಅವನು ಬಂದಿದ್ದು ಸಮಾಜಕ್ಕಾಗಿ ಅಲ್ಲವೆಂಬುದಾದರೂ ತಿಳಿಯುತ್ತದೆ.

ರಿಸರ್ವ್ ಬ್ಯಾಂಕು 2022ರಲ್ಲಿ ಇಂಥ ಸಾಲಗಳ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿ, ಒಂದು ಕುಟುಂಬ ತಿಂಗಳಿಗೆ ಕಟ್ಟುವ ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧವನ್ನು ಮೀರಬಾರದೆಂದು ನಿಯಮ ಮಾಡಿತು. ಗಳಿಕೆಯ ಅರ್ಧ! ಕೂಲಿಯ ಮನೆಯಲ್ಲಿ ಉಳಿದರ್ಧದಲ್ಲಿ ಅಕ್ಕಿ, ಎಣ್ಣೆ, ಔಷಧಿ, ಬಸ್ಸಿನ ಚಾರ್ಜು ಎಲ್ಲವೂ ಮುಗಿಯಬೇಕು. ಮಳೆಗಾಲದಲ್ಲಿ ಕೂಲಿಯೇ ಇಲ್ಲದ ವಾರಗಳಿರುತ್ತವೆ. ಆಗ ಅರ್ಧವೆಂದರೆ ಯಾವುದರ ಅರ್ಧ?

ಪಾಲಿನ ವ್ಯಾಪಾರ ಅಸಾಧ್ಯವೇನಲ್ಲ. ನಮ್ಮ ಹಳ್ಳಿಗಳ ಹಾಲಿನ ಸಂಘಗಳನ್ನೇ ನೋಡಿ. ಒಂದು ಎಮ್ಮೆ ಇದ್ದವಳಿಗೂ ಹತ್ತು ಆಕಳು ಇದ್ದವನಿಗೂ ಸಂಘದಲ್ಲಿ ಒಂದೇ ಮತ. ಹೊಲವಿಲ್ಲದವಳೂ ಅಲ್ಲಿ ಸದಸ್ಯಳಾಗಬಲ್ಲಳು. ದೋಷಗಳಿವೆ, ಆದರೆ ‘ನಂದಿನಿ’ಯ ಪೊಟ್ಟಣದ ಹಿಂದೆ ಹಾಲು ಹಾಕಿದವರ ಒಡೆತನವಿದೆ. 2002ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿಯಾಗಿ, ಹತ್ತು ಮಂದಿ ಬೆಳೆಗಾರರು ಸೇರಿದರೂ ಉತ್ಪಾದಕರ ಕಂಪನಿ ಕಟ್ಟಲು ದಾರಿಯಾಗಿದೆ. ಸವಣೂರಿನ ವೀಳ್ಯದೆಲೆಯಂಥ, ಕಿತ್ತ ಮೇಲೆ ಬಹುದಿನ ಇಡಲಾಗದ ಬೆಳೆಯಲ್ಲಿ ಒಂಟಿ ಬೆಳೆಗಾರ ದಲಾಲ ಹೇಳಿದ ಬೆಲೆಗೆ ತಲೆಯಾಡಿಸಲೇಬೇಕು. ಎಲೆ ಬಾಡುವ ಭಯ ಅವನಿಗೆ, ಕೊಳ್ಳುವವನಿಗಲ್ಲ. ಹಾನಗಲ್ಲಿನ ಮಾವಿನ ಮಾತೂ ಇದೇ. ಒಟ್ಟಾಗಿ ನಿಂತವರಿಗೆ ‘ಬೇಡ’ ಎನ್ನುವ ಧೈರ್ಯ ಬರುತ್ತದೆ. ನಾವು ಮೊದಲಿಗೆ ಹೇಳಿದ ಸಂತೆಯ ಹೆಂಗಸಿನ ಹಕ್ಕು ಇದೇ. ಕೊಳ್ಳುವಾಗ ಇರುವ ಆ ಹಕ್ಕು ಮಾರುವಾಗಲೂ, ಸಾಲ ತೆಗೆದುಕೊಳ್ಳುವಾಗಲೂ ಬಡವರಿಗೆ ಸಿಗಬೇಕು.

ಇಸ್ಲಾಮ್ ವ್ಯಾಪಾರವನ್ನು ಅನುಮತಿಸಿ ಬಡ್ಡಿಯನ್ನು ನಿಷೇಧಿಸಿದ್ದು ಎಲ್ಲರಿಗೂ ತಿಳಿದಿದೆ. ಅದರ ಹಿಂದಿನ ನ್ಯಾಯವನ್ನು ನಾವು ಯೋಚಿಸುವುದು ಕಡಿಮೆ. ಲಾಭದಲ್ಲಿ ಪಾಲು ಕೇಳುವವನು ನಷ್ಟದ ಅಪಾಯವನ್ನೂ ಹೊರಬೇಕು ಎಂಬುದು ಆ ನ್ಯಾಯ. ಇದನ್ನು ಒಪ್ಪಲು ಮುಸ್ಲಿಮನೇ ಆಗಬೇಕಿಲ್ಲ. ಕೋರಿಗೆ ಹೊಲ ಮಾಡಿದ ಯಾವ ರೈತನಿಗೂ ಇದು ಅರ್ಥವಾಗುತ್ತದೆ. ಅಂತೆಯೇ ಬಡ್ಡಿಯೆಂಬ ಪದ ತೆಗೆದು ‘ಸೇವಾಶುಲ್ಕ’ ಎಂದು ಬರೆದ ಮಾತ್ರಕ್ಕೆ ಒಪ್ಪಂದ ನ್ಯಾಯದ್ದಾಗುವುದಿಲ್ಲ ಎಂಬುದೂ ಅರ್ಥವಾಗುತ್ತದೆ.

ಆದ್ದರಿಂದ ನಮ್ಮ ಊರಿಗೆ ಸಾಮಾಜಿಕ ಉದ್ಯಮವೊಂದು ಬಂದಾಗ ಅದರ ಹೊಳಪಿನ ಪುಸ್ತಿಕೆಯಲ್ಲಿ ನಗುವ ಹೆಂಗಸಿನ ಚಿತ್ರ ನೋಡಿ ಮರುಳಾಗುವುದೂ ಬೇಡ, ವ್ಯಾಪಾರವೆಂದರೆ ಸುಲಿಗೆಯೆಂದು ಬಾಗಿಲು ಹಾಕುವುದೂ ಬೇಡ. ಮೂರು ಪ್ರಶ್ನೆಗಳನ್ನು ಕೇಳೋಣ. ಇದರ ಒಡೆತನದಲ್ಲಿ ನಮಗೆ ಪಾಲಿದೆಯೇ? ತೀರ್ಮಾನದ ಸಭೆಯಲ್ಲಿ ನಮ್ಮ ಹೆಂಗಸರಿಗೆ ಜಾಗವಿದೆಯೇ? ಮಳೆ ಕೈಕೊಟ್ಟ ವರ್ಷ ನಿಮ್ಮ ಮನೆಯಲ್ಲಿ ಏನು ಕಡಿಮೆಯಾಗುತ್ತದೆ?

ಮೊದಲ ಎರಡಕ್ಕೆ ನಯವಾದ ಉತ್ತರ ಸಿಗಬಹುದು. ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಬೇಕು. ಏನೂ ಕಡಿಮೆಯಾಗುವುದಿಲ್ಲ ಎಂದಾದರೆ, ಹೆಸರು ಏನೇ ಇರಲಿ, ಅದು ಲಾವಣಿಯೇ. ಸಮಾಜವನ್ನು ಬದಲಿಸುತ್ತೇನೆ ಎನ್ನುವವನು ಮೊದಲು ಆ ಸಮಾಜದ ನಷ್ಟದಲ್ಲಿ ಪಾಲುಗಾರನಾಗಬೇಕು. ಲಾಭದ ಮಾತು ಆಮೇಲೆ.